ಹಿಟ್ಟಿನ ಹುಂಜ, ಹಿತ್ತಿಲ ಹುಂಜ: ಸಾಕಣೆಯ ನೀತಿಯ ಒಂದು ವಿಚಾರ

ಮನೆಯ ಹಿತ್ತಿಲಿನಲ್ಲಿ ಹತ್ತಾರು ಕೋಳಿಗಳನ್ನು ಸಾಕಿ, ಅವುಗಳ ಮೊಟ್ಟೆಯನ್ನೂ ಕಾಲಕ್ರಮದಲ್ಲಿ ಅವುಗಳ ಮಾಂಸವನ್ನೂ ಉಣ್ಣುವ ಗೃಹಸ್ಥನ ಮುಂದಿರುವ ನೈತಿಕ ಪ್ರಶ್ನೆಯು ಅಂಗಡಿಯಿಂದ ಮಾಂಸ ಕೊಂಡು ತರುವವನ ಪ್ರಶ್ನೆಗಿಂತ ಬೇರೆಯಾದದ್ದು. ಕೊಳ್ಳುವವನು ಇನ್ನೊಬ್ಬರು ಮಾಡಿದ ಕೊಲೆಯ ಫಲವನ್ನು ಪಡೆಯುತ್ತಾನೆ. ಸಾಕುವವನಾದರೋ ಯಾವ ಮೊಟ್ಟೆ ಒಲೆಗೆ ಹೋಗಬೇಕು, ಯಾವುದು ಕಾವಿಗೆ ಹೋಗಬೇಕು, ಯಾವ ಹುಂಜ ತಳಿಗೆ ಉಳಿಯಬೇಕು, ಯಾವುದು ಹಬ್ಬದ ದಿನಕ್ಕೆ ಎಂಬುದನ್ನೆಲ್ಲ ತಾನೇ ನಿರ್ಣಯಿಸುತ್ತಾನೆ. ಒಂದು ಪ್ರಾಣಿಯ ಹುಟ್ಟು, ಬದುಕು, ಸಾವು ಮೂರೂ ಒಬ್ಬನೇ ಮನುಷ್ಯನ ಕೈಯಲ್ಲಿರುವ ಈ ಸ್ಥಿತಿಯನ್ನು ಧರ್ಮಶಾಸ್ತ್ರದ ದೃಷ್ಟಿಯಿಂದ ಹೇಗೆ ಅರ್ಥಮಾಡಿಕೊಳ್ಳಬೇಕು, ಅಲ್ಲಿ ಪಾಪವೆಂಬುದು ಇದ್ದರೆ ಅದು ಯಾವ ಗಳಿಗೆಯಲ್ಲಿ ಹುಟ್ಟುತ್ತದೆ ಎಂಬುದೇ ಈ ಪ್ರಬಂಧದ ವಿಷಯ.

ಈ ಪ್ರಶ್ನೆಯನ್ನು ಬಿಡಿಸಲು ಕನ್ನಡ ನಾಡಿನ ಜೈನ ಪರಂಪರೆ ಒದಗಿಸುವಷ್ಟು ಸೂಕ್ಷ್ಮವಾದ ಸಾಧನಗಳು ಬೇರೆಡೆ ಅಪರೂಪ. ಅಹಿಂಸೆಯನ್ನು ಪರಮ ಧರ್ಮವೆಂದು ಸಾರಿದ ಕಾರಣಕ್ಕೆ ಮಾತ್ರವೇ ಅದು ಇಲ್ಲಿ ಉಪಯುಕ್ತವಲ್ಲ. ಹಿಂಸೆಯ ಬಗೆಗಳನ್ನು ಒಂದೊಂದಾಗಿ ವಿಂಗಡಿಸಿ, ಮುನಿಗೊಂದು ಗೃಹಸ್ಥನಿಗೊಂದು ಅಳತೆಗೋಲನ್ನು ಸಿದ್ಧಪಡಿಸಿದ ಪರಂಪರೆ ಅದು. ಮಹಾವ್ರತವೆಂದರೆ ಮುನಿಯು ಯಾವ ವಿನಾಯಿತಿಯೂ ಇಲ್ಲದೆ ಪಾಲಿಸುವ ವ್ರತ. ಅಣುವ್ರತವೆಂದರೆ ಹೊಲ, ಮನೆ, ದನಕರು ಉಳ್ಳ ಶ್ರಾವಕನು, ಅಂದರೆ ಗೃಹಸ್ಥನಾದ ಜೈನನು, ತನ್ನ ಮಿತಿಯಲ್ಲಿ ಪಾಲಿಸುವ ವ್ರತ. ಇದಲ್ಲದೆ ಈ ಪರಂಪರೆಯ ಅತ್ಯಂತ ಪ್ರಸಿದ್ಧ ಕಥೆಗಳಲ್ಲೊಂದರ ನಡುಮಧ್ಯೆ ನಿಂತಿರುವುದು ಒಂದು ಹುಂಜ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯ ವಸ್ತು ಅದಕ್ಕೂ ಹಿಂದಿನದು, ಸೋಮದೇವ ಸೂರಿಯು 959ರಲ್ಲಿ ಮುಗಿಸಿದ ‘ಯಶಸ್ತಿಲಕ’ ಚಂಪುವಿನಲ್ಲಿಯೂ, ವಾದಿರಾಜನ ಸಂಸ್ಕೃತ ಕಾವ್ಯದಲ್ಲಿಯೂ ಅದೇ ಕಥೆ ಇದೆ. ಮಡದಿ ಅಮೃತಮತಿಯು ಮಾವುತನೊಬ್ಬನಿಗೆ ಒಲಿದದ್ದನ್ನು ಕಣ್ಣಾರೆ ಕಂಡ ಅರಸ ಯಶೋಧರನು ಅದನ್ನು ತಾಯಿಗೆ ನೇರವಾಗಿ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಮರೆಮಾಚುತ್ತಾನೆ. ಕನಸಿನ ದೋಷ ಕಳೆಯಲು ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವವಧೆಗೆ ಮನಸ್ಸೊಪ್ಪದ ಮಗ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗಿಕೊಳ್ಳುತ್ತದೆ. ಅಮೃತಮತಿ ಇಟ್ಟ ವಿಷದಿಂದ ತಾಯಿ ಮಗ ಇಬ್ಬರೂ ಸತ್ತು, ನವಿಲು ನಾಯಿಗಳಿಂದ ಮೊದಲಾಗಿ ಪ್ರಾಣಿಜನ್ಮಗಳ ಸಾಲನ್ನೇ ದಾಟಿ, ಕೊನೆಗೆ ಕೋಳಿಗಳಾಗಿ ಹುಟ್ಟಿ, ಮುನಿಯ ಉಪದೇಶ ಕೇಳಿ ಹಿಂದಿನದನ್ನೆಲ್ಲ ನೆನೆದು ಸಂತೋಷದಿಂದ ಕೂಗಿದಾಗ, ಶಬ್ದವೇಧಿ ವಿದ್ಯೆಯನ್ನು ಮೆರೆಯಲು ಹೊರಟ ಯಶೋಧರನ ಮಗನ ಬಾಣಕ್ಕೇ ಗುರಿಯಾಗುತ್ತಾರೆ.

ಈ ಕಥೆಯ ತಾತ್ತ್ವಿಕ ತಳಹದಿ ದ್ರವ್ಯಹಿಂಸೆ ಮತ್ತು ಭಾವಹಿಂಸೆ ಎಂಬ ವಿಭಾಗದಲ್ಲಿದೆ. ಪ್ರಾಣಿಯ ದೇಹಕ್ಕೆ ಆಗುವ ಪೆಟ್ಟು ದ್ರವ್ಯಹಿಂಸೆ. ಪೆಟ್ಟು ಕೊಡುವವನ ಮನಸ್ಸಿನಲ್ಲಿ ಹುಟ್ಟುವ ಕೊಲ್ಲುವ ಭಾವ, ರಾಗದ್ವೇಷ ಅಥವಾ ಎಚ್ಚರಗೇಡಿತನ ಭಾವಹಿಂಸೆ. ಹಿಟ್ಟಿನ ಹುಂಜದಲ್ಲಿ ಮೊದಲನೆಯದು ಇಲ್ಲವೇ ಇಲ್ಲ, ಎರಡನೆಯದು ಪೂರ್ತಿಯಾಗಿ ಇದೆ. ಆದ್ದರಿಂದ ಜೈನ ದೃಷ್ಟಿಯಲ್ಲಿ ಅದು ಸಂಕಲ್ಪಹಿಂಸೆ, ಅಂದರೆ ಕೊಲ್ಲಬೇಕೆಂದೇ ಮನಸ್ಸಿಟ್ಟು ಮಾಡಿದ ಹಿಂಸೆ. ಗೃಹಸ್ಥನ ಬದುಕಿನಲ್ಲಿ ತಪ್ಪಿಸಲಾಗದ ಇತರ ಮೂರು ಬಗೆಗಳನ್ನು, ಅಂದರೆ ಅಡುಗೆ ಮತ್ತು ಮನೆಗೆಲಸದಲ್ಲಿ ಆಗುವ ಆರಂಭೀ ಹಿಂಸೆ, ವೃತ್ತಿಯಲ್ಲಿ ಆಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ ಹಿಂಸೆಗಳನ್ನು ಮಿತಿಗೊಳಪಡಿಸಿ ಸಹಿಸುವ ಶಾಸ್ತ್ರವು ಸಂಕಲ್ಪೀ ಹಿಂಸೆಯನ್ನು ಮಾತ್ರ ಗೃಹಸ್ಥನಿಗೂ ಬಿಡುವುದಿಲ್ಲ.

ಇದೇ ನಾಡಿನಲ್ಲಿ ಇದೇ ಹಿಟ್ಟಿನ ಪ್ರಾಣಿ ಬೇರೊಂದು ತೀರ್ಪಿಗೂ ಒಳಗಾಯಿತು. ಮಾಧ್ವ ಸಂಪ್ರದಾಯವು ಯಜ್ಞದಲ್ಲಿ ಜೀವಂತ ಪಶುವಿನ ಬದಲಿಗೆ ಪಿಷ್ಟಪಶುವನ್ನು, ಎಂದರೆ ಹಿಟ್ಟಿನಿಂದ ಮಾಡಿದ ಪಶುವಿನ ಆಕೃತಿಯನ್ನು, ವಿಹಿತವೆಂದು ಸ್ವೀಕರಿಸಿತು. ಅಲ್ಲಿ ಅದು ವೇದವಿಧಿಯನ್ನೂ ಪ್ರಾಣಿಯ ಜೀವವನ್ನೂ ಒಟ್ಟಿಗೆ ಉಳಿಸುವ ದಾರಿ. ಒಂದು ದರ್ಶನ ಪಾಪವೆಂದದ್ದನ್ನು ಇನ್ನೊಂದು ಪರಿಹಾರವೆಂದಿತು. ಗ್ರಾಮದೇವತೆಗಳ ಆರಾಧನೆಯಾದರೋ ಈ ಎರಡನ್ನೂ ಒಪ್ಪದೆ, ಮನೆಯಲ್ಲಿ ಬೆಳೆದ ನಿಜವಾದ ಹುಂಜವನ್ನೇ ಕೇಳಿತು: ಮಗುವಿನ ಕಾಯಿಲೆ ವಾಸಿಯಾದರೆ ಕೊಡುತ್ತೇವೆಂದು ಹರಸಿಕೊಂಡ ಮೀಸಲು ಕೋಳಿಯನ್ನು ಮಾರುವಂತಿಲ್ಲ, ನೆಂಟರು ಬಂದರೆಂದು ಕುಯ್ಯುವಂತಿಲ್ಲ. ಕುರಿ ಕೋಳಿಗಳ ಮೇಲೆ ನೀರು ಚಿಮುಕಿಸಿ, ಅವು ಮೈ ಜಾಡಿಸಿದರೆ ಒಪ್ಪಿಗೆ ಸಿಕ್ಕಿತೆಂದು ತಿಳಿಯುವ ಪದ್ಧತಿಯೂ ಉಂಟು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆಯನ್ನು ಕಟ್ಟಿದ ಜನವೇ, ಕೇಳಬೇಕಾದ ಒಂದು ಸಂದರ್ಭವಿದೆ ಎಂಬುದನ್ನು ಆಚರಣೆಯಲ್ಲಿ ಒಪ್ಪಿಕೊಂಡಿರುವುದು ಗಮನಾರ್ಹ. ಆಧುನಿಕ ರಾಜ್ಯವೂ ಈ ವಿವಾದದೊಳಗೆ ಕೈಯಿಟ್ಟಿತು. ಕರ್ನಾಟಕದಲ್ಲಿ ದೇವಸ್ಥಾನಗಳಲ್ಲಿಯೂ ಅವುಗಳ ಆವರಣದಲ್ಲಿಯೂ ಪ್ರಾಣಿಬಲಿಯನ್ನು ತಡೆಯುವ ಕಾಯಿದೆ 1959ರಲ್ಲಿ ಬಂತು.

ಮೂರೂ ನಿಲುವುಗಳು ಪರಸ್ಪರ ವಿರುದ್ಧವಾದರೂ ಒಂದು ವಿಷಯದಲ್ಲಿ ಒಮ್ಮತವುಳ್ಳವು: ಅವೆಲ್ಲವೂ ಕತ್ತಿ ಎತ್ತುವ ಗಳಿಗೆಯನ್ನೇ ವಿಚಾರದ ಕೇಂದ್ರವಾಗಿ ಹಿಡಿದಿವೆ. ಕಾಯಿದೆಯದೂ ಅದೇ ದೃಷ್ಟಿ. ಗುಡಿಯ ಮುಂದೆ ನಿಷಿದ್ಧವಾದದ್ದು ಮನೆಯ ಹಿತ್ತಿಲಿನಲ್ಲಿ ಅಡುಗೆಗೆಂದು ನಡೆದರೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಾಕಣೆಯ ನೀತಿಯನ್ನು ಹುಡುಕುವವನಿಗೆ ಈ ಕೇಂದ್ರ ಸಾಲದು, ಏಕೆಂದರೆ ಸಾಕಿದ ಕೋಳಿಯ ಸಾವು ನಿಶ್ಚಯವಾಗುವುದು ಅದಕ್ಕಿಂತ ಬಹಳ ಮೊದಲು, ಅದು ಇನ್ನೂ ಹುಟ್ಟದಿರುವಾಗ.

ನಾಟಿ ಕೋಳಿಯ ಜೀವನಕ್ರಮವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹ್ಯಾಟೆಯು, ಎಂದರೆ ಇನ್ನೂ ಮೊಟ್ಟೆಯಿಡದ ಎಳೆಯ ಹೆಣ್ಣು ಕೋಳಿಯು, ಬಲಿತು ಒಂದು ಸರದಿಗೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ವರ್ಷಕ್ಕೆ ಇಂಥ ಮೂರು ನಾಲ್ಕು ಸರದಿಗಳಾಗುತ್ತವೆ. ಕಾವಿಗೆ ಕೂತ ಕೋಳಿ ದಿನಕ್ಕೊಮ್ಮೆ ಮಾತ್ರ ಎದ್ದು, ಅವಸರದಲ್ಲಿ ನಾಲ್ಕು ಕಾಳು ಹೆಕ್ಕಿ ನೀರು ಕುಡಿದು ಮತ್ತೆ ಬುಟ್ಟಿಗೆ ಹಿಂದಿರುಗಿ, ಎದೆಯ ಬೆತ್ತಲೆ ಚರ್ಮಕ್ಕೆ ತಾಗುವಂತೆ ಮೊಟ್ಟೆಗಳನ್ನು ಕೊಕ್ಕಿನಿಂದ ಸರಿಪಡಿಸಿಕೊಂಡು ಇಪ್ಪತ್ತೊಂದು ದಿನ ಹೀಗೆಯೇ ಕಳೆಯುತ್ತದೆ. ಮೊಟ್ಟೆ ಒಡೆಯುವ ಮೊದಲೇ ಒಳಗಿನ ಮರಿಯ ಚಿಂವ್‌ಗುಟ್ಟುವಿಕೆಗೆ ತಾಯಿ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತದೆ. ಮನೆಯವರು ಏಳೆಂಟನೆಯ ದಿನ ಮೊಟ್ಟೆಗಳನ್ನು ಕತ್ತಲಲ್ಲಿ ದೀಪಕ್ಕೆ ಹಿಡಿದು, ಒಳಗೆ ಕೆಂಪು ನರಗಳ ಬಲೆ ಕಂಡವನ್ನು ಉಳಿಸಿ, ಬರಿದಾಗಿ ಕಂಡವನ್ನು ತೆಗೆಯುತ್ತಾರೆ.

ಹೀಗೆ ಹೊರಬರುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹತ್ತು ಹೆಣ್ಣಿಗೆ ಒಂದು ಹುಂಜ ಸಾಕು. ಎರಡು ಬಲಿತ ಹುಂಜಗಳು ಒಂದೇ ಹಿತ್ತಿಲಿನಲ್ಲಿ ಕಾದಾಡದೆ ಇರುವುದು ಕಷ್ಟ, ಹೆಚ್ಚಾದರೆ ಹೇಂಟೆಗಳ ಬೆನ್ನಿನ ಗರಿ ಕಿತ್ತು ಗಾಯವಾಗುತ್ತದೆ. ಹದ್ದು, ಮುಂಗುಸಿ, ನಾಯಿಗಳ ಪಾಲು ಹೋದ ಮೇಲೆ ಉಳಿದ ಗಂಡುಮರಿಗಳಿಗೆ ಸಂತೆಯೋ ಸಾರಿನ ಪಾತ್ರೆಯೋ ಗತಿಯೆಂಬುದು ಮೊಟ್ಟೆಯನ್ನು ಕಾವಿಗಿಟ್ಟ ದಿನವೇ ಮನೆಯ ಎಲ್ಲರಿಗೂ ತಿಳಿದ ಸಂಗತಿ. ಅಂದಮೇಲೆ ಸಂಕಲ್ಪವೆಂಬುದು ಯಾವಾಗ ಆಯಿತು? ಕುಯ್ಯುವ ದಿನ ಆಗುವುದು ಅದರ ಜಾರಿ ಮಾತ್ರ. ಸಂಕಲ್ಪವಾದದ್ದು ಮೊಟ್ಟೆಯನ್ನು ಬುಟ್ಟಿಗಿಟ್ಟಾಗ.

ಯಶೋಧರನ ಕಥೆ ಹೇಳಿದ ಸೋಮದೇವನೇ ಬೇರೊಂದು ಕಡೆ ಕೊಡುವ ದೃಷ್ಟಾಂತ ಇಲ್ಲಿ ನೆರವಿಗೆ ಬರುತ್ತದೆ. ಬಲೆ ಬೀಸಿ ಕೂತ ಬೆಸ್ತನಿಗೆ ಒಂದು ಮೀನೂ ಸಿಗದಿದ್ದರೂ ಅವನು ಪಾಪಿ, ನೇಗಿಲಿನ ಕೆಳಗೆ ಎಷ್ಟೋ ಜೀವಗಳು ಸತ್ತರೂ ಒಕ್ಕಲಿಗನು ಅಂಥ ಪಾಪಿಯಲ್ಲ, ಏಕೆಂದರೆ ಇಬ್ಬರ ಮನಸ್ಸು ನೆಟ್ಟಿರುವ ಗುರಿ ಬೇರೆ ಎಂಬುದು ಅದರ ಸಾರ. ಈ ದೃಷ್ಟಾಂತವನ್ನು ಹಿತ್ತಿಲಿಗೆ ತಂದರೆ ಕೋಳಿ ಸಾಕುವವನು ಯಾರ ಪಕ್ಕದಲ್ಲಿ ನಿಲ್ಲುತ್ತಾನೆ? ಮೊಟ್ಟೆಗಾಗಿ ಮಾತ್ರ ಸಾಕುತ್ತೇನೆ, ಮರಿಗಳು ಹದ್ದಿಗೋ ರೋಗಕ್ಕೋ ಸತ್ತರೆ ಅದು ತನ್ನ ಉದ್ದೇಶವಲ್ಲ ಎನ್ನುವವರೆಗೂ ಅವನು ಒಕ್ಕಲಿಗನ ಪಕ್ಕದಲ್ಲಿದ್ದಾನೆ. ಆದರೆ ಉದ್ದೇಶ ಬೇರೆ, ಮುಂಗಾಣ್ಕೆ ಬೇರೆ. ಇಂಥದೊಂದು ಸಾವು ಖಂಡಿತವೆಂದು ಮೊದಲೇ ತಿಳಿದು, ಅದು ಖಂಡಿತವಾಗಿರುವ ಕಾರ್ಯವನ್ನು ವರ್ಷವರ್ಷವೂ ಕೈಗೊಳ್ಳುವವನು ಉದ್ದೇಶವಿಲ್ಲವೆಂಬ ಒಂದೇ ಮಾತಿನಿಂದ ಒಕ್ಕಲಿಗನ ರಕ್ಷಣೆಯನ್ನು ಪಡೆಯಲಾರ. ನೇಗಿಲ ಮೊನೆಗೆ ಯಾವ ಹುಳ ಸಿಗುವುದೋ ಉಳುವವನಿಗೆ ಗೊತ್ತಿಲ್ಲ. ಯಾವ ಮರಿಗಳು ದೊಡ್ಡವಾಗಿ ಸಾಯಬೇಕೋ ಸಾಕುವವನಿಗೆ ಗೊತ್ತು.

ಮೊಟ್ಟೆಯ ವಿಚಾರದಲ್ಲಿ ಗಾಂಧೀಜಿಯವರು ತಳೆದ ನಿಲುವನ್ನು ಈ ಬೆಳಕಿನಲ್ಲಿ ಪರಿಶೀಲಿಸಬಹುದು. 1942ರಲ್ಲಿ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು, ಹುಂಜದ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಯಿಂದ ಮರಿ ಹುಟ್ಟುವುದೇ ಇಲ್ಲವಾದ್ದರಿಂದ, ಹಾಲು ಕುಡಿಯುವವನಿಗೆ ಅಂಥ ಮೊಟ್ಟೆಯನ್ನು ತಿನ್ನಲು ಆಕ್ಷೇಪವಿರಬೇಕಾಗಿಲ್ಲ ಎಂದು ವಾದಿಸಿದರು. ಮೊಟ್ಟೆಯ ಭವಿಷ್ಯವನ್ನು ನೋಡಿದರೆ ಈ ವಾದದಲ್ಲಿ ದೋಷವಿಲ್ಲ. ಆದರೆ ಅದನ್ನಿಟ್ಟ ಕೋಳಿಗೆ ಒಂದು ಭೂತಕಾಲವಿದೆ: ಅದು ಹುಟ್ಟಿದ ದಿನ ಅದರ ಜೊತೆಗೆ ಸುಮಾರು ಅಷ್ಟೇ ಗಂಡುಮರಿಗಳು ಹುಟ್ಟಿದವು. ಮೊಟ್ಟೆಗೆಂದೇ ರೂಪಿಸಿದ ತಳಿಗಳಲ್ಲಿ ಗಂಡು ಮೊಟ್ಟೆಯಿಡುವುದೂ ಇಲ್ಲ, ಮಾಂಸಕ್ಕೆ ಬೇಗ ಕೊಬ್ಬುವುದೂ ಇಲ್ಲ. ಆದ್ದರಿಂದ ಮರಿ ಮಾಡುವ ಕೇಂದ್ರಗಳಲ್ಲಿ ಅವುಗಳನ್ನು ಮೊದಲ ದಿನವೇ ಬೇರ್ಪಡಿಸಿ ಕೊಲ್ಲುವುದು ಲೋಕದ ಬಹುಭಾಗದಲ್ಲಿ ನಡೆದುಬಂದ ಪದ್ಧತಿ. ಜರ್ಮನಿಯು 2022ರ ಜನವರಿ 1ರಿಂದ ಇದನ್ನು ನಿಷೇಧಿಸಿ, ಮೊಟ್ಟೆಯೊಳಗೇ ಲಿಂಗವನ್ನು ಗುರುತಿಸುವ ವಿಧಾನಗಳತ್ತ ಹೊರಳಿತು. ನಮ್ಮ ಜಾತ್ರೆ, ಸಂತೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದು ಮಕ್ಕಳಿಗೆ ಮಾರುವ ಮರಿಗಳಲ್ಲಿ ಬಹುಪಾಲು ಹೀಗೆ ಬೇಡವಾದ ಗಂಡುಮರಿಗಳೇ.

ಯಶೋಧರನಿಗೂ ಈ ಮೊಟ್ಟೆ ತಿನ್ನುವವನಿಗೂ ಇರುವ ಸಂಬಂಧ ತಲೆಕೆಳಗಾದದ್ದು. ಅರಸನಲ್ಲಿ ಕೊಲ್ಲುವ ಭಾವವಿತ್ತು, ಸತ್ತ ಪ್ರಾಣಿ ಇರಲಿಲ್ಲ. ಇವನಲ್ಲಿ ಸತ್ತ ಪ್ರಾಣಿಗಳುಂಟು, ಕೊಲ್ಲುವ ಭಾವವಿಲ್ಲ. ಭಾವವನ್ನೇ ಪ್ರಧಾನವೆಂದು ಹಿಡಿದರೆ ಎರಡನೆಯವನು ನಿರ್ದೋಷಿಯಾಗುತ್ತಾನೆ, ಅದು ಯಾರಿಗೂ ಸಮಾಧಾನ ತರುವ ತೀರ್ಮಾನವಲ್ಲ. ಜೈನ ಚಿಂತಕರು ಈ ತೊಡಕನ್ನು ಮುಂಚೆಯೇ ಕಂಡು, ಹಿಂಸೆಯ ಮೂಲವನ್ನು ಕೊಲ್ಲುವ ಬಯಕೆಗಿಂತ ಆಳವಾದ ಪ್ರಮಾದದಲ್ಲಿ ಗುರುತಿಸಿದರು. ಪ್ರಮಾದವೆಂದರೆ ಎಚ್ಚರಗೇಡಿತನ, ತಿಳಿಯಬೇಕಾದದ್ದನ್ನು ತಿಳಿಯದೆ ಉಳಿಯುವುದು. ಹುಂಜಗಳು ಏನಾದವೆಂದು ಕೇಳದಿರುವುದು ಈ ಅರ್ಥದಲ್ಲಿ ಪ್ರಮಾದ. ಕೊಲ್ಲುವ ಭಾವ ಇಲ್ಲದಿದ್ದರೂ ಹಿಂಸೆಯ ಹೊಣೆ ಅಲ್ಲಿ ನಿಲ್ಲುತ್ತದೆ. ಹಿತ್ತಿಲ ಸಾಕಣೆಯ ನಿಜವಾದ ನೈತಿಕ ಲಾಭ ಇಲ್ಲಿದೆಯೆನ್ನಬೇಕು: ಅಲ್ಲಿ ಹುಂಜಗಳು ಕಣ್ಣೆದುರಿಗೇ ಇರುತ್ತವೆ, ಆದ್ದರಿಂದ ಅವುಗಳ ಗತಿಯನ್ನು ಮರೆಯಲು ಆಗುವುದಿಲ್ಲ.

ಸಾಕುವವರು ತಮ್ಮ ಸಮರ್ಥನೆಗೆ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ತಿನ್ನುವವರಿಲ್ಲದಿದ್ದರೆ ಈ ಕೋಳಿಗಳು ಹುಟ್ಟುತ್ತಲೇ ಇರಲಿಲ್ಲ, ಚೆನ್ನಾಗಿ ಬದುಕಿದ ಒಂದು ವರ್ಷ ಹುಟ್ಟದೇ ಇರುವುದಕ್ಕಿಂತ ಮೇಲು. ಇಂಗ್ಲೆಂಡಿನ ಲೆಸ್ಲಿ ಸ್ಟೀಫನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಂದಿಗಳ ಬಗ್ಗೆ ಇದೇ ವಾದ ಹೂಡಿದಾಗ, ಹೆನ್ರಿ ಸಾಲ್ಟ್ 1914ರಲ್ಲಿ ಅದನ್ನು ಉಗ್ರಾಣದ ತರ್ಕವೆಂದು ಕರೆದು, ಇನ್ನೂ ಇಲ್ಲದ ಜೀವಕ್ಕೆ ಉಪಕಾರ ಮಾಡುವುದೆಂಬ ಮಾತೇ ಅಸಂಬದ್ಧವೆಂದು ಖಂಡಿಸಿದನು. ಜೈನ ತತ್ತ್ವದಲ್ಲಿ ಈ ತರ್ಕವು ಇನ್ನೂ ಬೇಗ ಕುಸಿಯುತ್ತದೆ. ಜೀವವು ಅನಾದಿ, ಅದನ್ನು ಯಾರೂ ಸೃಷ್ಟಿಸಿಲ್ಲ. ಈ ಹಿತ್ತಿಲಿನಲ್ಲಿ ಹುಟ್ಟದಿದ್ದರೆ ತನ್ನ ಕರ್ಮಾನುಸಾರ ಅದು ಬೇರೆಲ್ಲೋ ಹುಟ್ಟುತ್ತದೆ. ಆದ್ದರಿಂದ ಸಾಕುವವನು ಕೋಳಿಗೆ ಜೀವ ಕೊಟ್ಟೆನೆಂದು ಹೇಳಿಕೊಂಡು, ಆ ದಾನದ ಬಲದಿಂದ ಅದನ್ನು ಹಿಂಪಡೆಯುವ ಹಕ್ಕನ್ನು ಸಾಧಿಸಲಾರ.

ಸಾಕುವವನು ಜೀವವನ್ನು ಕೊಡಲಾರನಾದರೂ ದೇಹವನ್ನು ಆರಿಸಬಲ್ಲ. ಜೈನ ಕರ್ಮಸಿದ್ಧಾಂತವು ಹೇಳುವ ಎಂಟು ಕರ್ಮಗಳಲ್ಲಿ ಜೀವಕ್ಕೆ ಎಂಥ ಮೈಕಟ್ಟು, ಎಂಥ ಅಂಗಾಂಗಗಳು ಎಂಬುದನ್ನು ನಿರ್ಣಯಿಸುವುದು ನಾಮಕರ್ಮ. ಎಷ್ಟು ಕಾಲದ ಬದುಕು ಎಂಬುದನ್ನು ನಿರ್ಣಯಿಸುವುದು ಆಯುಷ್ಕರ್ಮ. ತಳಿ ಅಭಿವೃದ್ಧಿ ಎಂಬ ಆಧುನಿಕ ವಿದ್ಯೆಯು ಲೌಕಿಕವಾಗಿ ಈ ಎರಡರ ಕೆಲಸವನ್ನೂ ಕೈಗೆತ್ತಿಕೊಂಡಿದೆ. ಕೋಳಿಯ ಪೂರ್ವಜವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಒಂದೆರಡು ಸರದಿಯ ಮೊಟ್ಟೆಯನ್ನಷ್ಟೇ ಇಡುತ್ತದೆ. ಇಂದಿನ ಮೊಟ್ಟೆಯ ಮಿಶ್ರತಳಿಗಳು ಮುನ್ನೂರರ ಸುಮಾರಿಗೆ ಇಡುತ್ತವೆ, ಚಿಪ್ಪಿಗೆ ಬೇಕಾದ ಸುಣ್ಣವನ್ನು ಮೂಳೆಯಿಂದ ಕೊಟ್ಟು ಕೊಟ್ಟು ಎದೆಮೂಳೆ ಬಿರಿಯುವಷ್ಟು ಸೋಲುತ್ತವೆ. ಮಾಂಸದ ಬ್ರಾಯ್ಲರ್ ಕೋಳಿಯು ಆರು ವಾರಗಳಲ್ಲಿ ಎರಡು ಕಿಲೋ ದಾಟುವಂತೆ ರೂಪುಗೊಂಡಿದ್ದು, ಬೆಳೆಯುವ ದೇಹವನ್ನು ಕಾಲುಗಳೂ ಹೃದಯವೂ ಹೊರಲಾರದೆ ಹೋಗುತ್ತವೆ. ಇಂಥ ದೇಹಕ್ಕೆ ಎಷ್ಟು ಅಕ್ಕರೆಯ ಹಿತ್ತಿಲನ್ನು ಕೊಟ್ಟರೂ ಅದರ ನೋವು ಅದರೊಳಗೇ ಇರುತ್ತದೆ.

ಟರ್ಕಿ ಕೋಳಿಯಲ್ಲಿ ಇದು ತುದಿ ಮುಟ್ಟಿದೆ. ಮೆಕ್ಸಿಕೊ ಪ್ರದೇಶದ ಪ್ರಾಚೀನರು ಪಳಗಿಸಿದ ಈ ಹಕ್ಕಿ ಭಾರತಕ್ಕೆ ಸಮುದ್ರದ ದಾರಿಯಲ್ಲಿ ಬಂದದ್ದು. 1612ರಲ್ಲಿ ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ತಂದ ಟರ್ಕಿಯನ್ನು ಉಸ್ತಾದ್ ಮನ್ಸೂರನು ಚಿತ್ರಿಸಿದ್ದಾನೆ. ಅಗಲ ಎದೆಯ ಬಿಳಿ ಟರ್ಕಿ ಎಂಬ ಇಂದಿನ ವಾಣಿಜ್ಯ ತಳಿಯಲ್ಲಿ ಗಂಡಿನ ಎದೆ ಎಷ್ಟು ಉಬ್ಬಿದೆಯೆಂದರೆ ಅದು ಹೆಣ್ಣಿನೊಡನೆ ಸಹಜವಾಗಿ ಕೂಡಲಾರದು, ವಂಶ ಮುಂದುವರಿಯುವುದು ಕೃತಕ ಗರ್ಭಧಾರಣೆಯಿಂದ. ಮನುಷ್ಯನ ಕೈಯಿಲ್ಲದಿದ್ದರೆ ಒಂದೇ ತಲೆಮಾರಿನಲ್ಲಿ ಮುಗಿದುಹೋಗುವ ಪ್ರಾಣಿಯನ್ನು ಮನುಷ್ಯನೇ ನಿರ್ಮಿಸಿದ್ದಾನೆ. ಹಾಗಾಗಿ ಸಣ್ಣ ಹಿಡುವಳಿಯಲ್ಲಿ ಟರ್ಕಿ ಸಾಕುವವನ ಮೊದಲ ಧರ್ಮನಿರ್ಣಯವು ಮೇವಿನದೂ ಅಲ್ಲ ಗೂಡಿನದೂ ಅಲ್ಲ, ತಳಿಯದು: ತಾನೇ ಕೂಡಿ, ಇಪ್ಪತ್ತೆಂಟು ದಿನ ತಾನೇ ಕಾವು ಕೊಟ್ಟು, ತಾನೇ ಮರಿಮಾಡಬಲ್ಲ ಹಗುರ ತಳಿಯೋ, ಅಥವಾ ತೂಕ ಹೆಚ್ಚಿದ್ದಷ್ಟೂ ತನ್ನ ಮೈಗೆ ತಾನೇ ಸೆರೆಯಾಗುವ ತಳಿಯೋ ಎಂಬುದು.

ಇಂಥ ನಿರ್ಣಯಗಳಿಗೆ ಅಳತೆಗೋಲು ಬೇಕಾದಾಗ ಶ್ರಾವಕಾಚಾರ ಗ್ರಂಥಗಳು, ಎಂದರೆ ಗೃಹಸ್ಥನ ನಡವಳಿಕೆಯನ್ನು ವಿವರಿಸುವ ಗ್ರಂಥಗಳು, ಒಂದು ಸಿದ್ಧ ಪಟ್ಟಿಯನ್ನು ಕೊಡುತ್ತವೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟು. ವ್ರತವನ್ನು ಪೂರ್ತಿ ಮುರಿಯದಿದ್ದರೂ ಅದಕ್ಕೆ ಕಳಂಕ ತರುವ ನಡತೆ ಅತಿಚಾರ. ಬಂಧ ಅಥವಾ ಕಟ್ಟಿಹಾಕುವುದು, ವಧ ಅಥವಾ ಹೊಡೆಯುವುದು, ಛೇದ ಅಥವಾ ಅಂಗವನ್ನು ಕತ್ತರಿಸುವುದು, ಅತಿಭಾರಾರೋಪಣ ಅಥವಾ ಮಿತಿಮೀರಿ ಹೊರೆ ಹೇರುವುದು, ಅನ್ನಪಾನನಿರೋಧ ಅಥವಾ ಅನ್ನನೀರು ತಡೆಯುವುದು ಎಂಬ ಈ ಐದೂ ಸಾಕುಪ್ರಾಣಿಯನ್ನೇ ಕಣ್ಮುಂದೆ ಇಟ್ಟುಕೊಂಡು ಹೇಳಿದವು. ಎತ್ತು, ಎಮ್ಮೆ, ಆಳುಕಾಳುಗಳಿಗಾಗಿ ಹುಟ್ಟಿದ ಪಟ್ಟಿ ಕೋಳಿಸಾಕಣೆಗೆ ಆಶ್ಚರ್ಯವಾಗುವಷ್ಟು ಹೊಂದುತ್ತದೆ.

ಬಂಧದ ವಿಷಯದಲ್ಲಿ ಕೆಲವು ವ್ಯಾಖ್ಯಾನಕಾರರು, ಕಟ್ಟದೆ ಸಾಕಬಹುದಾದ ಪ್ರಾಣಿಗಳನ್ನೇ ಸಾಕುವುದು ಮೇಲು, ಕಟ್ಟಲೇಬೇಕಾದರೆ ಬೆಂಕಿ ಬಿದ್ದಾಗ ಬಿಡಿಸಿಕೊಂಡು ಓಡುವಂತೆ ಸಡಿಲವಾಗಿ ಕಟ್ಟಬೇಕು ಎಂದಿದ್ದಾರೆ. ರಾತ್ರಿ ಮಂಕರಿ ಕವುಚಿ ಮೇಲೆ ಕಲ್ಲು ಹೇರುವ ಮನೆಗೂ ಈ ಮಾತು ಎಚ್ಚರಿಕೆಯೇ. ರೆಕ್ಕೆ ಬಿಚ್ಚಲೂ ಎಡೆಯಿಲ್ಲದ ತಂತಿಪಂಜರದಲ್ಲಿ ಇಡೀ ಆಯುಷ್ಯ ಕಳೆಯುವ ಮೊಟ್ಟೆಕೋಳಿಯ ಮುಂದಂತೂ ಅದು ನೇರವಾದ ಆರೋಪ. ಯುರೋಪಿನ ಒಕ್ಕೂಟವು ಇಂಥ ಬರಿಯ ಪಂಜರಗಳನ್ನು 2012ರಿಂದ ಕೈಬಿಟ್ಟಿತು. ಭಾರತದ ಕಾನೂನು ಆಯೋಗವು 2017ರ ತನ್ನ 269ನೆಯ ವರದಿಯಲ್ಲಿ ಮೊಟ್ಟೆಕೋಳಿ ಮತ್ತು ಬ್ರಾಯ್ಲರ್ ಕೋಳಿಗಳ ವಸತಿ ಮತ್ತು ಸಾಗಣೆಯನ್ನು ಪರಿಶೀಲಿಸಿ ಕರಡು ನಿಯಮಗಳನ್ನು ಮುಂದಿಟ್ಟಿತು. ಹಿತ್ತಿಲಿನ ಕೋಳಿಗೆ ಕೆದರಲು ತಿಪ್ಪೆ, ಹೊರಳಾಡಲು ಧೂಳು, ರಾತ್ರಿ ಕೂರಲು ಕೊಂಬೆ ಅಥವಾ ಅಡ್ಡಗೋಲು ಇದ್ದಾಗ ಕೂಡಿಹಾಕುವುದು ರಕ್ಷಣೆಯಾಗುತ್ತದೆ. ಇವು ಇಲ್ಲದಾಗ ಅದೇ ಗೂಡು ಬಂಧವಾಗುತ್ತದೆ.

ಛೇದವೆಂಬುದು ಇಂದಿನ ಕೋಳಿಸಾಕಣೆಯಲ್ಲಿ ನಿತ್ಯದ ಕೆಲಸ. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕುತ್ತವೆಂದು ಮರಿಗಳ ಕೊಕ್ಕಿನ ತುದಿಯನ್ನು ಕಾದ ಅಲಗಿನಿಂದ ತೆಗೆಯುತ್ತಾರೆ, ಆ ತುದಿ ನರಗಳಿಂದ ತುಂಬಿದ ಭಾಗ. ಟರ್ಕಿಗಳಲ್ಲಿ ಕೊಕ್ಕಿನ ಮೇಲೆ ಇಳಿಬೀಳುವ ಮಾಂಸದ ಎಳೆಯನ್ನೂ ಕಾಲ್ಬೆರಳ ತುದಿಯನ್ನೂ ಕತ್ತರಿಸುವುದುಂಟು. ಕಾಯಿಲೆ ಇಕ್ಕಟ್ಟಿನದು, ಚಿಕಿತ್ಸೆ ಕೊಕ್ಕಿಗೆ. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಹುಂಜಗಳ ಬೀಜ ತೆಗೆಯಬಾರದೆಂದು ವಿಧಿಸಿದ್ದನ್ನು ನೆನೆದರೆ, ಕೋಳಿಯ ಅಂಗಚ್ಛೇದವು ರಾಜ್ಯವೊಂದರ ಗಮನ ಸೆಳೆಯಬೇಕಾದ ವಿಷಯವೆಂಬ ಅರಿವು ಈ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನದೆಂದು ತಿಳಿಯುತ್ತದೆ. ಹಳ್ಳಿಯ ಹಿತ್ತಿಲೂ ಇಲ್ಲಿ ಪೂರ್ತಿ ನಿರ್ದೋಷಿಯಲ್ಲ: ಕಾವು ಬಿಡಿಸಿ ಬೇಗ ಮೊಟ್ಟೆಗೆ ತರಲು ಕೋಳಿಯನ್ನು ನೀರಿನಲ್ಲಿ ಅದ್ದುವುದು, ಮೂಗಿನ ಹೊಳ್ಳೆಗೆ ಗರಿ ತೂರಿಸುವುದು ಹಳೆಯ ಪದ್ಧತಿಗಳು.

ಅತಿಭಾರಾರೋಪಣವು ಗಾಡಿಯೆತ್ತಿನ ಬೆನ್ನಿಗೆ ಹೇರುವ ಹೊರೆಯನ್ನು ಕುರಿತದ್ದು. ಕೋಳಿಯ ಬೆನ್ನ ಮೇಲೆ ಯಾರೂ ಹೊರೆ ಇಡುವುದಿಲ್ಲ, ಅದರ ವಂಶದೊಳಗೇ ಇಡುತ್ತಾರೆ. ಆರು ವಾರದ ಮಾಂಸದ ಭಾರ, ಮುನ್ನೂರು ಮೊಟ್ಟೆಯ ಭಾರ ಅಂಥವು. ಎತ್ತಿನ ಹೊರೆಯನ್ನು ಸಂಜೆ ಇಳಿಸಬಹುದು, ತಳಿಯಲ್ಲಿ ಹೇರಿದ್ದನ್ನು ಸಾಯುವವರೆಗೂ ಇಳಿಸಲಾಗದು. ಅನ್ನಪಾನನಿರೋಧವೂ ಇದರ ಜೊತೆಗೇ ಬರುತ್ತದೆ: ಹಸಿವನ್ನೇ ಬೆಳೆಸಿ ರೂಪಿಸಿದ ಬ್ರಾಯ್ಲರ್ ತಳಿಯ ತಾಯಿತಂದೆ ಕೋಳಿಗಳಿಗೆ ಹೊಟ್ಟೆ ತುಂಬ ಹಾಕಿದರೆ ಅವು ಮೊಟ್ಟೆಯಿಡುವಷ್ಟು ಕಾಲ ಬದುಕುವುದಿಲ್ಲವೆಂದು ಮೇವನ್ನು ಬಿಗಿಯಾಗಿ ಅಳೆದು ಕೊಡಲಾಗುತ್ತದೆ, ಆದ್ದರಿಂದ ಅವುಗಳ ಬಾಳೆಲ್ಲ ಹಸಿವಿನಲ್ಲಿ ಸಾಗುತ್ತದೆ. ಹೊಟ್ಟೆ ತುಂಬಿದರೆ ರೋಗ, ತುಂಬದಿದ್ದರೆ ಯಾತನೆ ಎಂಬಂಥ ದೇಹವನ್ನು ಸೃಷ್ಟಿಸಿದ ಮೇಲೆ ಸಾಕುವವನು ಯಾವ ದಾರಿ ಹಿಡಿದರೂ ಅತಿಚಾರ ತಪ್ಪದು; ತಪ್ಪಿಸುವ ಅವಕಾಶವಿದ್ದದ್ದು ತಳಿಯನ್ನು ಆರಿಸುವಾಗ ಮಾತ್ರ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡ ಗಿರಿರಾಜದಂಥ ಹಿತ್ತಿಲ ತಳಿಗಳು ನಾಟಿ ಮತ್ತು ಬ್ರಾಯ್ಲರ್ ಎಂಬ ಎರಡು ತುದಿಗಳ ನಡುವೆ ನಿಲ್ಲುತ್ತವೆ. ಆದರೆ ಅಂಥವುಗಳಲ್ಲಿ ಕಾವಿಗೆ ಕೂರುವ ಗುಣ ಕುಂದಿರುವುದರಿಂದ ಅವುಗಳ ಮೊಟ್ಟೆಗಳಿಗೂ ನಾಟಿ ಕೋಳಿಯೇ ತಾಯಾಗಬೇಕಾಗುತ್ತದೆ.

ಪ್ರಮಾದದ ಮಾತನ್ನು ಇಲ್ಲಿ ಮತ್ತೊಮ್ಮೆ ಎತ್ತಬೇಕು, ಏಕೆಂದರೆ ಸಣ್ಣ ಹಿಡುವಳಿಯ ಹೆಚ್ಚಿನ ಸಾವುಗಳು ಕತ್ತಿಯಿಂದ ಆಗುವುದಿಲ್ಲ. ಕೊಕ್ಕರೆ ರೋಗವೆಂದು ಹಳ್ಳಿಯವರು ಕರೆಯುವ ರಾಣಿಖೇತ್ ಕಾಯಿಲೆ ಬಂದರೆ ಹಸಿರು ಭೇದಿ, ಕತ್ತು ತಿರುಚುವಿಕೆಗಳೊಡನೆ ಇಡೀ ಹಿತ್ತಿಲು ಕೆಲವೇ ದಿನಗಳಲ್ಲಿ ಬರಿದಾಗುತ್ತದೆ, ಆದರೆ ಅದಕ್ಕೆ ಲಸಿಕೆ ಉಂಟು. ಕೋಳಿಗಳೊಡನೆ ಒಂದೇ ನೆಲದಲ್ಲಿ ಟರ್ಕಿಯನ್ನು ಬಿಟ್ಟರೆ, ಕೋಳಿಯ ಕರುಳಿನ ಹುಳದ ಮೊಟ್ಟೆಗಳ ಮೂಲಕ ದಾಟುವ ಸೂಕ್ಷ್ಮಜೀವಿಯೊಂದು ಕೋಳಿಗೆ ಹೆಚ್ಚೇನೂ ಮಾಡದೆ ಟರ್ಕಿಯ ಯಕೃತ್ತನ್ನು ಹಾಳುಮಾಡಿ ಕೊಲ್ಲುತ್ತದೆ. ಟರ್ಕಿಮರಿಗಳಿಗೆ ಮೊದಲ ದಿನಗಳಲ್ಲಿ ಮೇವನ್ನು ಗುರುತಿಸುವುದೇ ತಿಳಿಯದಿರಬಹುದು. ಕೈಯಾರೆ ಕಲಿಸದಿದ್ದರೆ ತುಂಬಿದ ತಟ್ಟೆಯ ಪಕ್ಕದಲ್ಲೇ ಅವು ಹಸಿದು ಸಾಯುತ್ತವೆ. ಅನ್ನವನ್ನು ಇಟ್ಟಮಾತ್ರಕ್ಕೆ ಅನ್ನಪಾನನಿರೋಧದ ದೋಷ ಕಳೆಯಿತೆ ಎಂಬ ಪ್ರಶ್ನೆಗೆ ಈ ಮರಿಗಳ ಉತ್ತರ ಕಳೆಯಲಿಲ್ಲವೆಂಬುದೇ. ಇಂಥಲ್ಲಿ ಅರಿವು ಸಾಕುವವನ ಕರ್ತವ್ಯದ ಭಾಗವಾಗುತ್ತದೆ, ಅಜ್ಞಾನವು ಅವನ ದೋಷವಾಗುತ್ತದೆ.

ಈ ವಾದಸರಣಿಗೆ ಎರಡು ಗಂಭೀರ ಆಕ್ಷೇಪಗಳುಂಟು. ಮೊದಲನೆಯದು ಜೈನ ಪರಂಪರೆಯೊಳಗಿನದು: ಕೋಳಿಯು ಪಂಚೇಂದ್ರಿಯ ಜೀವ, ಎಂದರೆ ಐದೂ ಇಂದ್ರಿಯಗಳುಳ್ಳ ಪ್ರಾಣಿ, ಅದನ್ನು ತಿನ್ನಲೆಂದು ಸಾಕುವುದು ಅಣುವ್ರತಿಗೂ ಸಲ್ಲದು, ಆದ್ದರಿಂದ ಕೊಲೆಯನ್ನು ಒಪ್ಪಿಕೊಂಡವನಿಗೆ ಅತಿಚಾರಗಳ ಪಟ್ಟಿಯನ್ನು ಕೊಡುವುದು ಶಾಸ್ತ್ರಕ್ಕೆ ಅಪಚಾರ. ಈ ಆಕ್ಷೇಪ ಶಾಸ್ತ್ರದ ಮಟ್ಟಿಗೆ ನಿಜ, ಅದನ್ನು ಮರೆಮಾಚಬಾರದು; ವ್ರತ ಮುರಿದವನು ಅತಿಚಾರಗಳನ್ನು ತಪ್ಪಿಸಿದ ಮಾತ್ರಕ್ಕೆ ವ್ರತಿಯಾಗುವುದಿಲ್ಲ. ಆದರೆ ವ್ರತವಿಲ್ಲದವನಿಗೂ ಪಾಪದಲ್ಲಿ ಹೆಚ್ಚು ಕಡಿಮೆ ಎಂಬುದುಂಟು, ಕರ್ಮಬಂಧದಲ್ಲಿ ತೀವ್ರತೆ ಮಂದತೆಗಳನ್ನು ಎಣಿಸಿದ್ದು ಆ ಶಾಸ್ತ್ರವೇ. ಎರಡನೆಯದು ಬದುಕಿನ ಕಡೆಯಿಂದ ಬರುವ ಆಕ್ಷೇಪ: ಹೊಲವಿಲ್ಲದ ಮನೆಗಳಲ್ಲಿ ನಾಲ್ಕು ಕೋಳಿಗಳೆಂದರೆ ಹೆಣ್ಣುಮಗಳೊಬ್ಬಳು ಯಾರನ್ನೂ ಕೇಳದೆ ಮಾರಬಲ್ಲ ಆಸ್ತಿ, ಮಕ್ಕಳ ಪುಸ್ತಕಕ್ಕೋ ಔಷಧಕ್ಕೋ ತಕ್ಷಣ ಒದಗುವ ಹಣ, ಅವಳ ಮೇಲೆ ಧರ್ಮಸೂಕ್ಷ್ಮಗಳನ್ನು ಹೇರುವುದು ಉಳ್ಳವರ ವಿಲಾಸ. ಇದಕ್ಕೆ ಉತ್ತರವು ಮೇಲಿನ ಅಳತೆಗೋಲಿನಲ್ಲಿಯೇ ಇದೆ: ಐದು ಅತಿಚಾರಗಳ ದೃಷ್ಟಿಯಿಂದ ನೋಡಿದರೆ ಕೋಳಿಯನ್ನು ಬಿಟ್ಟು ಮೇಯಿಸಿ, ನಾಟಿ ತಳಿಯನ್ನೇ ಉಳಿಸಿಕೊಂಡು, ತಾಯಿಯ ಜೊತೆ ಮರಿಗಳನ್ನು ಬೆಳೆಯಗೊಡುವ ಆ ಮನೆಯ ಹಿಂಸೆ ಎಲ್ಲಕ್ಕಿಂತ ಕಡಿಮೆಯದು, ಅತಿಚಾರಗಳ ಪೂರ್ಣ ಭಾರ ಬೀಳುವುದು ಅಗ್ಗದ ಮಾಂಸವನ್ನು ನಿತ್ಯ ಬಯಸುವ, ಪಂಜರವನ್ನೆಂದೂ ನೋಡದ ಪೇಟೆಯ ಊಟದ ಮೇಲೆ.

ಬಸವಣ್ಣನ ವಚನವೊಂದು ಕೋಳಿಯು ಒಂದು ಗುಟುಕು ಕಂಡರೂ ತನ್ನ ಕುಲವನ್ನೆಲ್ಲ ಕರೆಯುವುದನ್ನು ಗುರುತಿಸಿ, ಭಕ್ತರ ನಡುವೆ ಅಷ್ಟೂ ಬಳಗಪ್ರೀತಿ ಇಲ್ಲದವರನ್ನು ನಾಚಿಸುತ್ತದೆ. ಇಂದಿನ ಪ್ರಾಣಿವರ್ತನೆಯ ಅಧ್ಯಯನಗಳೂ ಹುಂಜವು ಆಹಾರ ಕಂಡಾಗ ಬೇರೆಯೇ ದನಿಯಲ್ಲಿ ಹೇಂಟೆಗಳನ್ನು ಕರೆಯುವುದನ್ನು, ಆಕಾಶದ ಹದ್ದಿಗೂ ನೆಲದ ಶತ್ರುವಿಗೂ ಬೇರೆ ಬೇರೆ ಎಚ್ಚರಿಕೆಯ ಕೂಗುಗಳಿರುವುದನ್ನು ದಾಖಲಿಸಿವೆ. ಇಂಥ ಒಳಬಾಳು ಉಳ್ಳ ಪ್ರಾಣಿಯ ವಿಷಯದಲ್ಲಿ ಮನುಷ್ಯನಿಗೆ ಇರುವ ಹೊಣೆಯನ್ನು ಪೂಜೆಯಾಗಲಿ ಹಿಟ್ಟಿನ ಪ್ರತಿಮೆಯಾಗಲಿ ಹುಂಜವಿಲ್ಲದ ಮೊಟ್ಟೆಯಾಗಲಿ ಪೂರ್ತಿಯಾಗಿ ಕಳೆಯಲಾರವು, ಏಕೆಂದರೆ ಇವೆಲ್ಲವೂ ಹೊಣೆಯ ಒಂದೊಂದು ಗಳಿಗೆಯನ್ನು ಮಾತ್ರ ಮುಟ್ಟುತ್ತವೆ.

ಇದರಿಂದ ಹೊರಡುವ ತೀರ್ಮಾನ ಮಿತವಾದದ್ದು, ಆದರೆ ಸಡಿಲವಾದದ್ದಲ್ಲ. ಹುಟ್ಟು, ಬದುಕು, ಸಾವುಗಳಲ್ಲಿ ಮೊದಲನೆಯದನ್ನು ನಿರ್ಣಯಿಸುವವನು ಮಿಕ್ಕೆರಡಕ್ಕೂ ಆಗಲೇ ಉತ್ತರ ಕೊಟ್ಟಿರಬೇಕು: ಎಷ್ಟು ಮೊಟ್ಟೆಯನ್ನು ಕಾವಿಗೆ ಇಡಬೇಕೆಂಬುದನ್ನು, ಹುಟ್ಟುವ ಹುಂಜಗಳಿಗೆ ಏನು ಗತಿಯೆಂದು ಮೊದಲು ಹೇಳಬಲ್ಲವನೇ ನಿರ್ಧರಿಸಬೇಕು, ಎಂಥ ತಳಿಯನ್ನು ಬೆಳೆಸಬೇಕೆಂಬುದನ್ನು, ಆ ದೇಹವು ಹೊಟ್ಟೆ ತುಂಬ ಉಂಡು ತನ್ನ ಕಾಲ ಮೇಲೆ ತಾನು ನಡೆದು ಬದುಕಬಲ್ಲುದೇ ಎಂಬುದರಿಂದ ನಿರ್ಧರಿಸಬೇಕು, ಎಷ್ಟು ಸಾಕಬೇಕೆಂಬುದನ್ನು, ಪರಿಗ್ರಹಪರಿಮಾಣ ಎಂಬ ಗೃಹಸ್ಥವ್ರತವು ಆಸ್ತಿಗೆ ಎಲ್ಲೆ ಹಾಕುವಂತೆ, ದಿನವೂ ಒಂದೊಂದನ್ನೂ ನೋಡಿ ಯಾವುದು ಮಂಕಾಗಿದೆ ಯಾವುದು ಕುಂಟುತ್ತಿದೆ ಎಂದು ತಿಳಿಯಬಲ್ಲಷ್ಟಕ್ಕೆ ನಿಲ್ಲಿಸಬೇಕು. ಈ ಮೂರನ್ನೂ ಪಾಲಿಸಿದವನು ಅಹಿಂಸಕನಾಗುವುದಿಲ್ಲ; ಕುಯ್ದ ಹುಂಜ ಕುಯ್ದದ್ದೇ. ತಾನು ಮಾಡಿದ ಹಿಂಸೆ ಎಷ್ಟು, ಯಾವ ದಿನ ಅದನ್ನು ನಿಶ್ಚಯಿಸಿದೆ ಎಂಬ ಲೆಕ್ಕವನ್ನು ಅವನು ಕೊಡಬಲ್ಲ. ಆ ಲೆಕ್ಕ ಕೊಡಲಾರದವನಿಗೆ ಕೋಳಿ ಸಾಕುವ ಅರ್ಹತೆಯಿಲ್ಲ, ಸಾಕದೆ ತಿನ್ನುವ ಅರ್ಹತೆ ಅದಕ್ಕಿಂತಲೂ ಕಡಿಮೆ.